ಮಂಗಳವಾರ ಬೇಗ ಏಳುವ ಪೆಟ್ಟಿಗೆ

ಹೊನ್ನಯ್ಯ ಮೂವತ್ತೊಂದು ವರ್ಷ ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರಿನ ಮಟ್ಟ ನೋಡಿ ಬರೆಯುವ ಕೆಲಸ ಮಾಡಿದವರು. ಬೆಳಿಗ್ಗೆ ಆರಕ್ಕೆ ಏರಿಯ ಮೇಲೆ ನಡೆದುಹೋಗಿ, ನೀರಿನಲ್ಲಿ ನಿಂತ ಅಳತೆಪಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತು, ಅಲೆ ಏರಿ ಇಳಿಯುವುದನ್ನು ಮೂರು ಸಲ ನೋಡಿ, ಆಮೇಲೆ ಒಂದು ಅಂಕಿ ಬರೆಯುತ್ತಿದ್ದರು. ಆಫೀಸಿನ ರಿಜಿಸ್ಟರಿಗೆ ಬೇಕಾಗಿದ್ದದ್ದು ಆ ಅಂಕಿ ಮಾತ್ರ. ಜೇಬಿನಲ್ಲಿದ್ದ ಅವರ ಸ್ವಂತ ನೋಟ್‌ಬುಕ್ಕಿಗೆ ಉಳಿದದ್ದೆಲ್ಲ ಹೋಗುತ್ತಿತ್ತು: ಗಾಳಿ ಯಾವ ಕಡೆಯಿಂದ ಬೀಸಿತು, ಹೊಸ ನೀರು ಯಾವ ದಿನ ಬಂತು, ಅದರ ಬಣ್ಣ ಹೇಗಿತ್ತು, ಕೋಡಿ ಬಿದ್ದ ದಿನ ನೋಡಲು ಯಾವ ಊರಿನವರು ಬಂದಿದ್ದರು.

ಒಂದು ಸಲ ಸಂಜೆಯ ಅಂಕಿ ಬೆಳಗಿನದಕ್ಕಿಂತ ಎರಡು ಅಂಗುಲ ಹೆಚ್ಚು ಬರತೊಡಗಿತು. ಮಳೆಯಿಲ್ಲ, ಹೊಳೆಯಲ್ಲಿ ನೀರಿಲ್ಲ. ಪಟ್ಟಿ ವಾಲಿದೆ, ಕಿತ್ತು ಹೊಸದು ನೆಡಿ ಅಂದರು ಇಂಜಿನಿಯರು. ಹೊನ್ನಯ್ಯ ಹತ್ತು ದಿನದ ಅವಕಾಶ ಕೇಳಿದರು. ಹತ್ತು ದಿನವೂ ಅಂಕಿಯ ಪಕ್ಕದಲ್ಲಿ ಗಾಳಿಯನ್ನೂ ಬರೆದರು. ಮಧ್ಯಾಹ್ನದ ಮೇಲೆ ಎದ್ದ ಗಾಳಿ ನೀರನ್ನು ಏರಿಯ ಕಡೆಗೆ ತಳ್ಳುತ್ತಿತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಅದರ ಸುತ್ತ ಏನು ನಡೆಯುತ್ತಿದೆ ಅಂತ ಯಾರೂ ಬರೆದಿರಲಿಲ್ಲ, ಅಷ್ಟೇ.

ನಿವೃತ್ತಿಯಾಗಿ ಕುಣಿಗಲ್ಲಿನ ಸಣ್ಣ ಮನೆಗೆ ಬಂದ ಮೇಲೆ ಗುಬ್ಬಿಯಲ್ಲಿದ್ದ ಮಗಳು ಶಾಂತಲಾ ತಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಅಪ್ಪನಿಗೆ ಕಳಿಸಿಕೊಟ್ಟಳು. ಹೊನ್ನಯ್ಯ ಎರಡು ಬೆರಳಲ್ಲಿ ಕನ್ನಡ ಟೈಪು ಕಲಿತರು. ಕಲಿತು, ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಅದರೊಳಗೆ ಏರಿಸತೊಡಗಿದರು. ಒಂದು ಮುಗಿದಾಗ ಅದನ್ನು ಹೆಂಡತಿ ಸಿದ್ದಲಕ್ಷ್ಮಮ್ಮನ ಕೈಗೆ ಕೊಡುತ್ತಿದ್ದರು. "ಇದು ಪೆಟ್ಟಿಗೆ ಒಳಗೆ ಹೋಯ್ತು. ಹುಳ ಹಿಡಿದದೆ, ಇನ್ನು ಬೇಡ." ಅದು ಮಾರನೆಯ ಬೆಳಿಗ್ಗೆ ನೀರೊಲೆ ಹೊತ್ತಿಸಲು ಆಗುತ್ತಿತ್ತು. ಹಾಗೆ ಇಪ್ಪತ್ತೆಂಟು ನೋಟ್‌ಬುಕ್ಕು ಸುಟ್ಟು, ಮೂರು ಉಳಿದಿದ್ದವು.

ಆಗ ಕಂಪ್ಯೂಟರ್ ಪೆಟ್ಟಿಗೆ ನಿಧಾನವಾಯಿತು. ಗುಂಡಿ ಒತ್ತಿದ ಎರಡು ನಿಮಿಷಕ್ಕೆ ಏಳುತ್ತಿದ್ದದ್ದು ಕಾರ್ತಿಕ ಮಾಸದಿಂದೀಚೆಗೆ ಒಂಬತ್ತು ನಿಮಿಷ ತೆಗೆದುಕೊಳ್ಳತೊಡಗಿತು. ನಡುವೆ ನೀಲಿ ಪರದೆ ಬಂದು, ಅದರ ಮೇಲೆ ಹಳದಿ ಗೆರೆಯೊಂದು ಬಸವನಹುಳುವಿನಂತೆ ತೆವಳುತ್ತಿತ್ತು. ಎರಡೂವರೆ ತಿಂಗಳು ಕಾದು, ೨೦೦೪ರ ಫೆಬ್ರವರಿ ಒಂದು, ಭಾನುವಾರ, ತುಮಕೂರಿನಿಂದ ಕಂಪ್ಯೂಟರ್ ರಿಪೇರಿಯ ರವೀಶನನ್ನು ಕರೆಸಿದರು.

ರವೀಶ್ ನೀಲಿ ಪರದೆಯನ್ನು ಓದಿದ. "ಸರಿಯಾಗಿ ಬಂದ್ ಮಾಡಿಲ್ಲ, ಡಿಸ್ಕಲ್ಲಿ ತಪ್ಪಿರಬಹುದು ಅಂತ ಬರ್ತಾ ಇದೆ. ಬಂದ್ ಮಾಡೋವಾಗ ನೇರವಾಗಿ ಸ್ವಿಚ್ ಆಫ್ ಮಾಡ್ತೀರಾ ಯಜಮಾನ್ರೇ?"

ಹೊನ್ನಯ್ಯನಿಗೆ ಸಿಟ್ಟು ಬಂತು. ದಿನವೂ ಸಂಜೆ ಆರಕ್ಕೆ, ಅಳಿಯ ಹೇಳಿಕೊಟ್ಟ ಹಾಗೆಯೇ, ಮೌಸಿನಲ್ಲಿ ಒತ್ತಿ, ಪರದೆಯ ಗುಂಡಿ ಆರಿಸಿ, ಆಮೇಲೆ ಹಾಲು ತರಲು ಹೋಗುವವರು ಅವರು. "ಒಂದಿನಾನೂ ಇಲ್ಲ ಕಣಪ್ಪ. ಕ್ರಮವಾಗಿ ಮುಚ್ತೀನಿ. ಅದೇ ಆಮೇಲೆ ತಾನಾಗಿ ಆರಿಹೋಗುತ್ತೆ."

"ಹಂಗಾದ್ರೆ ಡಿಸ್ಕೇ ಹೋಗ್ತಾ ಇದೆ. ಬದಲಾಯಿಸ್ಬೇಕು. ಒಳಗಿರೋದನ್ನ ತೆಗೆದು ನೋಡ್ತೀನಿ. ಅರ್ಧ ಬಂದ್ರೂ ಬರಬಹುದು, ಏನೂ ಬರದೇನೂ ಇರಬಹುದು."

ಸಿದ್ದಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನೀರೊಲೆಯ ಕಡೆ ಒಂದು ಸಲ ನೋಡಿ ಒಳಗೆ ಹೋದರು.

ಹೊನ್ನಯ್ಯ ಕೇಳಿದರು. "ಸಾಯೋ ಡಿಸ್ಕು ದಿನದಿಂದ ದಿನಕ್ಕೆ ನಿಧಾನ ಆಗ್ಬೇಕಲ್ವಾ? ಇದು ಒಂದೊಂದು ದಿನ ಚೆನ್ನಾಗೇ ಏಳುತ್ತೆ."

"ಯಾವ ದಿನ?"

ಮೂವತ್ತೊಂದು ವರ್ಷ ಬರೆದ ಮನುಷ್ಯ ಇದನ್ನು ಬರೆದಿಟ್ಟಿರಲಿಲ್ಲ.

"ಎರಡು ವಾರ ಕೊಡು," ಅಂದರು.

"ಕೊಡ್ತೀನಿ. ಆದ್ರೆ ನೀವು ಹಾಕ್ದಂಗೆಲ್ಲ ಅದು ಇನ್ನಷ್ಟು ಕೆಡಬಹುದು. ಒಂದು ಬೆಳಿಗ್ಗೆ ಏಳ್ದೇನೇ ಇದ್ರೆ ನನ್ನ ಕೇಳ್ಬೇಡಿ."

ಮಾರನೆಯ ದಿನ ಅಂಗಡಿಯಿಂದ ಹೊಸ ನೋಟ್‌ಬುಕ್ ಬಂತು. ಹೊನ್ನಯ್ಯ ಗೆರೆ ಎಳೆದು ಮನೆ ಮಾಡಿದರು: ತಾರೀಖು, ವಾರ, ಎದ್ದ ಸಮಯ, ನೀಲಿ ಪರದೆ ಬಂತೋ ಇಲ್ಲವೋ, ಹಿಂದಿನ ದಿನ ಕರೆಂಟು ಹೋಗಿತ್ತೋ, ಸೆಕೆ ಎಷ್ಟಿತ್ತು. ಕೊನೆಯ ಮನೆಯ ಮೇಲೆ ಏನು ಬರೆಯುವುದು ಅಂತ ಯೋಚಿಸಿ "ಇತರೆ" ಅಂತ ಬರೆದರು. ಗುಂಡಿ ಒತ್ತುವ ಮೊದಲು ಕೈ ಒಂದು ಕ್ಷಣ ನಿಂತಿತು. ಆಮೇಲೆ ಒತ್ತಿ ಕೈಗಡಿಯಾರ ನೋಡುತ್ತ ಕೂತರು.

ಸೋಮವಾರ ಒಂಬತ್ತು ನಿಮಿಷ. ಮಂಗಳವಾರ ಎರಡು ನಿಮಿಷ ಹತ್ತು ಸೆಕೆಂಡು, ನೀಲಿ ಪರದೆಯೇ ಇಲ್ಲ. ಬುಧವಾರದಿಂದ ಶುಕ್ರವಾರದವರೆಗೆ ಮತ್ತೆ ಒಂಬತ್ತು ನಿಮಿಷ. ಗುರುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಕರೆಂಟು ಹೋಗಿತ್ತು, ಆಗ ಪೆಟ್ಟಿಗೆ ಹಾಕಿರಲಿಲ್ಲ. ಅದನ್ನೂ ಬರೆದರು.

"ಮಂಗಳವಾರ ಬೇಗ ಏಳ್ತು ಕಣೇ," ಅಂದರು ಹೆಂಡತಿಗೆ.

"ಊರೆಲ್ಲ ಮಂಗಳವಾರ ಒಳ್ಳೇ ಕೆಲಸಕ್ಕೆ ಕೈ ಹಾಕಲ್ಲ. ನಿಮ್ಮ ಪೆಟ್ಟಿಗೆ ಒಂದೇ ಅವತ್ತು ಹುಷಾರಾಗಿ ಏಳೋದು. ಯಜಮಾನರಿಗೆ ತಕ್ಕಂಗೆ ಅದೆ ಬುಡಿ," ಅಂದು ನಕ್ಕರು ಸಿದ್ದಲಕ್ಷ್ಮಮ್ಮ. ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ. ಈಗೀಗ ಅವರು ನೀರೊಲೆಗೆ ತೆಂಗಿನ ಗರಿ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಒಂದು ಹಾಳೆ ಕಾಗದ ಬಿದ್ದಿದ್ದರೂ ಎತ್ತಿ ತಂದು ಗಂಡನ ಮುಂದಿಟ್ಟು "ಇದು ಬೇಕಾ?" ಅಂತ ಕೇಳುತ್ತಿದ್ದರು.

ಶನಿವಾರವೂ ಪೆಟ್ಟಿಗೆ ಎರಡೇ ನಿಮಿಷಕ್ಕೆ ಎದ್ದಿತು. ಹೊನ್ನಯ್ಯನ ಮಂಗಳವಾರದ ಲೆಕ್ಕ ಅಲ್ಲಿಗೆ ಕೆಟ್ಟಿತು. "ಇತರೆ" ಮನೆಯಲ್ಲಿ ಬರೆಯಲು ಏನಾದರೂ ಇದೆಯೇ ಅಂತ ಸುತ್ತ ನೋಡಿದರು. ಕಾಫಿ ತಾವೇ ಮಾಡಿಕೊಂಡಿದ್ದು ನೆನಪಾಯಿತು. "ಇವಳು ನಿನ್ನೆ ಮಧ್ಯಾಹ್ನ ಗುಬ್ಬಿಗೆ ಹೋಗಿದ್ದಾಳೆ" ಅಂತ ಬರೆದರು. ಶನಿವಾರ ಸಂಜೆ ಐದರ ಬಸ್ಸಿಗೆ ಸಿದ್ದಲಕ್ಷ್ಮಮ್ಮ ವಾಪಸು ಬಂದರು. ಭಾನುವಾರ ಒಂಬತ್ತು ನಿಮಿಷ, ಸೋಮವಾರ ಒಂಬತ್ತು ನಿಮಿಷ.

ಎರಡನೆಯ ಮಂಗಳವಾರ ಹೊನ್ನಯ್ಯ ಆಸೆಯಿಂದ ಗುಂಡಿ ಒತ್ತಿದರು. ನೀಲಿ ಪರದೆ ಬಂತು.

ಅವರು ಹಳದಿ ಗೆರೆಯನ್ನು ನೋಡದೆ ನೋಟ್‌ಬುಕ್ಕನ್ನು ನೋಡುತ್ತ ಕೂತರು. ಹಿಂದಿನ ಸೋಮವಾರ ಸಂಜೆಗೂ ಈ ಸೋಮವಾರ ಸಂಜೆಗೂ ಏನು ವ್ಯತ್ಯಾಸ? ಸೋಮವಾರ ಸಂಜೆ ಐದೂವರೆಗೆ ಸಿದ್ದಲಕ್ಷ್ಮಮ್ಮ ಮಠದ ಭಜನೆಗೆ ಹೋಗುತ್ತಾರೆ, ಬರುವುದು ಏಳಕ್ಕೆ. ನಿನ್ನೆ ಮಂಡಿನೋವು ಅಂತ ಹೋಗಿರಲಿಲ್ಲ. ಸಂಜೆ ಅವರು ಮನೆಯಲ್ಲಿಲ್ಲದಿದ್ದರೆ ಬೆಳಿಗ್ಗೆ ಪೆಟ್ಟಿಗೆ ಬೇಗ ಏಳುತ್ತದೆ. ನೋಟ್‌ಬುಕ್ಕಿನಲ್ಲಿ ಇದು ಸ್ಪಷ್ಟವಾಗಿತ್ತು. ಹೊನ್ನಯ್ಯನಿಗೆ ಮಾತ್ರ ಅದನ್ನು ಓದಲು ಇಷ್ಟವಾಗಲಿಲ್ಲ.

ಊಟದ ಹೊತ್ತಿಗೆ ಮೆಲ್ಲಗೆ ಕೇಳಿದರು. "ನೀನು ಪೆಟ್ಟಿಗೆ ಏನಾದ್ರೂ ಮುಟ್ತೀಯಾ?"

"ನಾನ್ಯಾಕ್ ಮುಟ್ಲಿ? ಅದರ ಮೇಲಿನ ಧೂಳು ಒರೆಸೋಕೂ ಭಯ ನಂಗೆ."

ಇಪ್ಪತ್ತೆಂಟು ನೋಟ್‌ಬುಕ್ಕಿನ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ. ಹೊನ್ನಯ್ಯ ಮತ್ತೆ ಕೇಳಲಿಲ್ಲ. ಅಳತೆಪಟ್ಟಿಯನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ಎದುರು ಕೂತು ನೋಡುತ್ತಾರೆ.

ಆ ಸಂಜೆ ಆರಕ್ಕೆ ಎಂದಿನಂತೆ ಮೌಸು ಒತ್ತಿ, ಪರದೆಯ ಗುಂಡಿ ಆರಿಸಿದರು. ಹಾಲಿನ ಕ್ಯಾನು ಹಿಡಿದು ಬಾಗಿಲು ದಾಟಲಿಲ್ಲ. ಬೀರುವಿನ ಪಕ್ಕದ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಕತ್ತಲಾದ ಪರದೆಯ ಕೆಳಗೆ ಪೆಟ್ಟಿಗೆ ಇನ್ನೂ ಗುಂಯ್ ಅನ್ನುತ್ತಿತ್ತು.

ಒಂದು ನಿಮಿಷ ಕಳೆದಿರಬಹುದು. ಸಿದ್ದಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಪರದೆ ಕಪ್ಪಾಗಿರುವುದನ್ನು ನೋಡಿದರು. ಬಗ್ಗಿ ಗೋಡೆಯ ಪ್ಲಗ್ಗು ಕಿತ್ತರು. ಗುಂಯ್ ಸದ್ದು ನಿಂತಿತು. ಅದೇ ಜಾಗಕ್ಕೆ ದೇವರ ಗೂಡಿನಿಂದ ಇಳಿಬಿದ್ದ ವೈರನ್ನು ಸಿಕ್ಕಿಸಿದರು. ಕಾರ್ತಿಕದಲ್ಲಿ ಶಾಂತಲಾ ತಂದುಕೊಟ್ಟ ಕೆಂಪು ದೀಪ ಹತ್ತಿತು. ಕೈ ಮುಗಿದು ತಿರುಗಿದವರು ಬೆಚ್ಚಿಬಿದ್ದರು.

"ಅಯ್ಯೋ ಶಿವನೇ! ಕಳ್ಳನಂಗೆ ಯಾಕ್ರೀ ಕೂತಿದೀರ? ಹಾಲೆಲ್ಲಿ?"

"ಹಾಲಿರ್ಲಿ. ಈಗೇನ್ ಮಾಡ್ದೆ?"

"ದೀಪ ಹಾಕ್ದೆ."

"ಅದಕ್ಕೂ ಮುಂಚೆ?"

"ನಿಮ್ದು ಕಿತ್ತೆ. ಗೋಡೇಲಿ ಇರೋದು ಒಂದೇ ಪ್ಲಗ್ಗು. ದಿನಾ ಕೀಳ್ತೀನಿ, ಬೆಳಿಗ್ಗೆ ನೀವು ಏಳೋದ್ರೊಳಗೆ ಮತ್ತೆ ಹಾಕಿರ್ತೀನಿ."

"ಅದಿನ್ನೂ ಗುಂಯ್ ಅಂತಿತ್ತು ಕಣೇ. ಇನ್ನೂ ಮುಚ್ಕೊಂತಾ ಇತ್ತು."

"ಪರದೆ ಕಪ್ಪಾಗಿತ್ತಲ್ಲ! ಪರದೆ ಕಪ್ಪಾದ್ರೆ ಮಲಗ್ತು ಅಂತ ನೀವೇ ಹೇಳ್ಕೊಟ್ಟಿರೋದು."

ಹೌದು, ಹೊನ್ನಯ್ಯನೇ ಹೇಳಿದ್ದು. ಕರೆಂಟು ಉಳಿಯಲಿ ಅಂತ ಪರದೆಯನ್ನು ದಿನವೂ ಮೊದಲೇ ಆರಿಸುತ್ತಿದ್ದವರೂ ಅವರೇ. ಪೆಟ್ಟಿಗೆ ಮುಚ್ಚಿಕೊಳ್ಳುವುದನ್ನು ಅವರು ಒಂದು ದಿನವೂ ಕೊನೆಯವರೆಗೆ ನಿಂತು ನೋಡಿರಲಿಲ್ಲ.

ಸಿದ್ದಲಕ್ಷ್ಮಮ್ಮನಿಗೆ ಅರ್ಥವಾಗತೊಡಗಿತು. ಅವರ ದನಿ ಇಳಿಯಿತು. "ಹಂಗಾದ್ರೆ ಕೆಡಿಸಿದ್ದು ನಾನಾ? ಒಲೆಗೆ ಹಾಕಿದವಳೂ ನಾನೇ, ಇದನ್ನೂ..."

"ಒಲೆಗೆ ಕೊಟ್ಟೋನು ನಾನು. ಪರದೆ ಕಪ್ ಮಾಡ್ದೋನೂ ನಾನು," ಅಂದರು ಹೊನ್ನಯ್ಯ. "ದೀಪ ಒಂದ್ ಗಳಿಗೆ ತೆಗಿ. ನೋಡೋಣ."

ಇಬ್ಬರೂ ಪೆಟ್ಟಿಗೆಯ ಎದುರು ಕೂತರು. ಅದು ಒಂಬತ್ತು ನಿಮಿಷ ತೆಗೆದುಕೊಂಡು ಎದ್ದಿತು. ಹೊನ್ನಯ್ಯ ಮುಚ್ಚಲು ಒತ್ತಿದರು, ಪರದೆಯನ್ನು ಆರಿಸಲಿಲ್ಲ. ಮೋಡದ ಚಿತ್ರವೊಂದು ಬಂದು ನಿಂತಿತು, ಹೋಗಲೊಲ್ಲದು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಗುಂಯ್ ಸದ್ದು ತಾನಾಗಿ ನಿಂತಿತು. ಆಮೇಲೆ ದೀಪ ಹತ್ತಿತು. ಹಾಲು ಅವತ್ತು ಬರಲೇ ಇಲ್ಲ.

ಆದರೂ ಮೂರು ತಿಂಗಳು ಕಿತ್ತದ್ದರಿಂದ ಒಳಗೆ ಏನಾಗಿದೆಯೋ ಅನ್ನುವ ಭಯ ಉಳಿದಿತ್ತು. ಬುಧವಾರ ಎರಡು ನಿಮಿಷ ಹತ್ತು ಸೆಕೆಂಡು. ಗುರುವಾರ, ಶುಕ್ರವಾರ, ಶನಿವಾರವೂ ಅಷ್ಟೇ. ಭಾನುವಾರ ರವೀಶ್ ಬಂದು ನೋಟ್‌ಬುಕ್ಕನ್ನು ಮೊದಲಿನಿಂದ ಓದಿದ. ಕೊನೆಯ "ಇತರೆ" ಮನೆಯಲ್ಲಿ ಪ್ಲಗ್ಗಿನ ಸಂಗತಿ ಓದಿ, ಸಿದ್ದಲಕ್ಷ್ಮಮ್ಮನ ಕಡೆ ನೋಡಿ ನಕ್ಕ.

"ಅಮ್ಮಾ, ವೈರಸ್ಸು ನೀವೇನಾ?"

"ಬಾಯಿ ಮುಚ್ಕೊಂಡು ಕೆಲಸ ನೋಡ್ಲಾ. ಡಿಸ್ಕ್ ಸತ್ತೋಯ್ತು ಅಂದೋನು ನೀನು."

ಅವನು ಒಂದು ಗಂಟೆ ಡಿಸ್ಕನ್ನು ಪೂರ್ತಿ ಪರೀಕ್ಷೆ ಮಾಡಿದ. ಡಿಸ್ಕು ಗಟ್ಟಿಯಾಗಿತ್ತು. ಹೊನ್ನಯ್ಯ ಇಪ್ಪತ್ತೆಂಟು ವರ್ಷವನ್ನೂ ಒಂದೊಂದಾಗಿ ತೆರೆಸಿ, ಹೊಸ ನೀರು ಬಂದ ದಿನವನ್ನು ಓದಿಸಿ, ತಲೆಯಾಡಿಸಿದ ಮೇಲೆಯೇ ಅವನಿಗೆ ಕಾಫಿ ಸಿಕ್ಕಿದ್ದು. ತಾನು ತಂದಿದ್ದ ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಂಡು, ಸೀಡಿ ಮಾಡಿ ಕಳಿಸುತ್ತೇನೆ ಅಂದ. ಹೋಗುವಾಗ ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ಹಾಕಿಕೊಟ್ಟ. ಪೆಟ್ಟಿಗೆಗೊಂದು ಪ್ಲಗ್ಗು, ದೇವರಿಗೊಂದು.

ಸೀಡಿ ಬಂದರೂ ಹೊನ್ನಯ್ಯನಿಗೆ ಸಮಾಧಾನವಿಲ್ಲ. ಈಗ ಅವರು ಪೆಟ್ಟಿಗೆಯೊಳಗಿನದನ್ನು ನೋಡಿಕೊಂಡು ಹೊಸ ನೋಟ್‌ಬುಕ್ಕಿಗೆ ಕೈಯಲ್ಲಿ ಬರೆಯುತ್ತಿದ್ದಾರೆ. ಸಿದ್ದಲಕ್ಷ್ಮಮ್ಮ ಅದನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟು ಬೀಗ ಹಾಕುತ್ತಾರೆ.

ಬೋರ್ಡು ಬಂದ ಮೇಲೆ ಯಾವ ಪ್ಲಗ್ಗನ್ನೂ ಕೀಳಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಆದರೂ ಸಂಜೆ ಆರಕ್ಕೆ ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟು ಸಿದ್ದಲಕ್ಷ್ಮಮ್ಮ ಕೇಳುತ್ತಾರೆ.

"ಮಲಗ್ತಾ?"

"ಇರು, ಇನ್ನೂ ಇಲ್ಲ," ಅನ್ನುತ್ತಾರೆ ಹೊನ್ನಯ್ಯ, ಕೈಗಡಿಯಾರ ನೋಡುತ್ತ.