ಗಂಗವ್ವ ಮೈಕು ಕೇಳಿದಾಗ

“ಕೆರಿಗೆ ಹೊಲಸ ನೀರು ಬಿಡಾಕತ್ತಾರ್ರಿ. ಅದನ್ನ ಕುಡದು ನಮ್ಮ ಎಮ್ಮಿ ಸತ್ತಹೋತ್ರಿ!”

ಗ್ರಾಮಸಭೆಯಲ್ಲಿ ಗಂಗವ್ವ ಮೈಕು ಹಿಡಿದು ಹೀಗೆಂದಾಗ ಎಲ್ಲರೂ ಅವರತ್ತ ತಿರುಗಿದರು. ಧಾರವಾಡದ ಹತ್ತಿರದ ನಮ್ಮೂರಿನ ಸಭೆಯಲ್ಲಿ ಹೆಂಗಸೊಬ್ಬರು ಬಾಯಿಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಕೆರೆಗಳ ಅಧ್ಯಯನಕ್ಕೆಂದು ನೇಪಾಳ, ಶ್ರೀಲಂಕಾ, ಜರ್ಮನಿಯಿಂದ ಬಂದಿದ್ದ ಯುವಕ ಯುವತಿಯರು ಅವತ್ತು ನಮ್ಮ ಕಾಲೇಜಿನವರೊಂದಿಗೆ ಅಲ್ಲಿದ್ದರು. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸರಿಗೂ ಮಾತಾಡಲು ಬಿಡಿ ಎಂದು ಕೇಳಿದವಳು ನೇಪಾಳದ ಸರಿತಾ. ಅವಳ ಮಾತನ್ನು ಕನ್ನಡದಲ್ಲಿ ಹೇಳಿದವನು ನಾನು. ಹೊಲಸು ನೀರಿನ ಪೈಪು ಮುಚ್ಚಿಸುವುದಾಗಿ ಪಂಚಾಯಿತಿ ಅಧ್ಯಕ್ಷರು ಅತಿಥಿಗಳೆದುರು ಮಾತು ಕೊಟ್ಟರು.

ಮುಂದಿನ ಗ್ರಾಮಸಭೆಯ ಹೊತ್ತಿಗೆ ಅತಿಥಿಗಳು ಮರಳಿ ಹೋಗಿದ್ದರು. ಕೆರೆಗೆ ಹೊಲಸು ಹರಿಯುತ್ತಲೇ ಇತ್ತು. ಈ ಸಲ ಗಂಗವ್ವ ತಾವಾಗಿಯೇ ಎದ್ದು ಮೈಕು ಕೇಳಿದರು.

“ಅವತ್ತ ಪರದೇಶದ ಮಂದಿ ಇದ್ರು, ಕೊಟ್ವಿ. ಈಗ ಕುಂಡರಬೇ ಯಕ್ಕಾ,” ಎಂದರು ಅಧ್ಯಕ್ಷರು.

ಸಭೆಯೆಲ್ಲ ನಕ್ಕಿತು. “ಮೈಕು ಕೊಡ್ರಿ” ಎಂದು ನಾನು ಕೂಗಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಗವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ನಡೆದುಬಿಟ್ಟರು.

ಕೆಲವು ದಿನಗಳಲ್ಲಿ ಸರಿತಾಳ ಇ-ಮೇಲ್ ಬಂತು. ಗಂಗವ್ವ ಈ ಸಲ ಏನು ಮಾತಾಡಿದರು ಎಂದು ಕೇಳಿದ್ದಳು. ಸೈಬರ್ ಕೆಫೆಯಲ್ಲಿ ಕುಳಿತು, ‘ಯಾರೂ ಹೇಳದೆಯೇ ಎದ್ದು ನಿಂತಿದ್ದರು’ ಎಂದು ಬರೆದೆ. ಮುಂದಿನದನ್ನು ಬರೆಯಲು ಕೈ ಬರಲಿಲ್ಲ.