ಹಲಸಿನ ಸಸಿಗೆ ರಿಟರ್ನ್ ಟಿಕೆಟ್

ಕಳೆದ ಭಾನುವಾರ ನಮ್ಮೂರಿನ ಹೊಳೆದಂಡೆಗೆ ಬೆಂಗಳೂರಿನಿಂದ ಒಂದು ಬಸ್ ತುಂಬ ಹಸಿರು ಟೀ ಶರ್ಟ್‌ಗಳು ಬಂದಿಳಿದವು. ಒಳಗೆ ಮನುಷ್ಯರೂ ಇದ್ದರು ಅನ್ನಿ. ಯಾವುದೋ ಕಂಪನಿಯ ವಾಲಂಟಿಯರ್‌ಗಳು. ಕಾವೇರಿಯ ದಂಡೆ ಉಳಿಸಲು ಗಿಡ ನೆಡುತ್ತಾರಂತೆ. ಒಳ್ಳೆಯ ಕೆಲಸವೇ. (ಅವರು ಕುಡಿಯುವುದೂ ಇದೇ ನೀರು ತಾನೇ?)

ನಾನು ಅವರ ‘ಲೋಕಲ್ ಕೋಆರ್ಡಿನೇಟರ್’. ಹಾಗಂದರೆ ಗುದ್ದಲಿ ಹೊಂದಿಸುವವನು, ಟಾಯ್ಲೆಟ್ ಎಲ್ಲಿದೆ ಎಂದು ತೋರಿಸುವವನು ಎಂದು ಆಮೇಲೆ ಗೊತ್ತಾಯಿತು. ರಿಟೈರ್ ಆದ ಮೇಷ್ಟ್ರು ಎಂದರೆ ಊರಿಗೆಲ್ಲ ಬಿಟ್ಟಿ ಸಿಗುವ ಆಳು.

ಹಿಂದೆಯೇ ಸಸಿ ಹೊತ್ತ ಪಿಕಪ್ ಬಂತು. ಅರ್ಧ ಹೊಂಗೆ, ಅರ್ಧ ಹಲಸು. ತಂಡದ ಲೀಡರ್ ಪ್ರಿಯಾ ಉತ್ಸಾಹದಿಂದ ವಿವರಿಸಿದಳು. “ಹೊಂಗೆ ನೀರಿನ ಪಕ್ಕಕ್ಕೆ ಸರ್, ಹಲಸು ಹಿಂದಿನ ಸಾಲಿಗೆ. ವೈಲ್ಡ್‌ಲೈಫ್‌ಗೂ ಫುಡ್ ಆಗುತ್ತೆ ಅಲ್ವಾ?”

ಹಿಂದಿನ ಸಾಲು ಎಂದರೆ ಸರಿಯಾಗಿ ಶಾರದಕ್ಕನ ಅಡುಗೆಮನೆಯ ಬೆನ್ನಿಗೆ!

ಶಾರದಕ್ಕ ನಮ್ಮ ಪಕ್ಕದ ಮನೆಯವರು. ಹೋದ ವರ್ಷ ಹಲಸಿನ ಕಾಲದಲ್ಲಿ ಅವರ ಹಿತ್ತಿಲ ಮರಕ್ಕೆ ಆನೆ ಬಂತು. ಮರದಲ್ಲಿದ್ದದ್ದನ್ನು ಮುಗಿಸಿ, ಅಡುಗೆಮನೆಯಲ್ಲಿ ಕೊಯ್ದಿಟ್ಟಿದ್ದ ಹಣ್ಣಿನ ವಾಸನೆ ಹಿಡಿದು ಗೋಡೆಯನ್ನೇ ಕೆಡವಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಅಕ್ಕ ಮರ ಕಡಿಸಿದರು. ಅವರ ಅತ್ತೆ ನೆಟ್ಟ ಮರ ಅದು. ಕಡಿಸಿದ ದಿನ ಅಕ್ಕ ಊಟ ಮಾಡಲಿಲ್ಲ. ಹೊಸ ಗೋಡೆಗೆ ಮೊನ್ನೆ ಮೊನ್ನೆಯಷ್ಟೇ ಸುಣ್ಣ ಬಳಿದಿದ್ದಾರೆ.

ಇದನ್ನೆಲ್ಲ ಹೇಳುವವರು ಯಾರು? ಅಷ್ಟು ದೂರದಿಂದ ಬಂದ ಮಕ್ಕಳು. ನಾನು ಗುದ್ದಲಿ ಎಣಿಸಲು ಹೋದೆ. ಅಷ್ಟರಲ್ಲಿ ಎಲ್ಲರಿಗೂ ಬೆಲ್ಲದ ಕಾಫಿ ಹಿಡಿದು ಶಾರದಕ್ಕನೇ ಬಂದರು. ಪಿಕಪ್ ನೋಡಿದರು.

“ಹಲಸು ಬ್ಯಾಡ ಕಣಮ್ಮ. ಆನೆ ಬರ್ತವೆ.”

“ವಾವ್, ಇಲ್ಲಿಗೇ ಬರ್ತಾವಾ? ಹಾಗಾದ್ರೆ ಆನೆ ನೋಡೋಕೆ ದುಬಾರೆ ಕ್ಯಾಂಪ್‌ಗೆ ಹೋಗೋದೇ ಬೇಡ” ಎಂದ ಒಬ್ಬ ಹುಡುಗ. ಉಳಿದವರು ನಕ್ಕರು.

ಪ್ರಿಯಾ ಮಾತ್ರ ಮೆತ್ತಗೆ ಕೇಳಿದಳು. “ಆಂಟಿ, ಇದು ಕಾಯಿ ಬಿಡೋಕೆ ಇನ್ನೂ ಎಷ್ಟೋ ವರ್ಷ ಬೇಕಲ್ವಾ?”

“ಅಷ್ಟು ವರ್ಷಾನೂ ನಾನು ಇಲ್ಲೇ ಇರೋಳು. ನೀವು ಸಂಜೆ ಬಸ್ ಹತ್ತೋರು. ಬಾ ಇಲ್ಲಿ, ಗೋಡೆ ನೋಡು.”

ಪ್ರಿಯಾ ಒಳಗೆ ಹೋದಳು. ಅರ್ಧ ಗೋಡೆ ಹಳೆಯದು, ಅರ್ಧ ಹೊಸದು. ಪಾತ್ರೆಯ ಸ್ಟ್ಯಾಂಡ್ ಇನ್ನೂ ಸೊಟ್ಟಗೇ ಇದೆ. ಹೊರಗೆ ಬಂದವಳು ಯಾರಿಗೋ ಫೋನ್ ಮಾಡಿ, ಇಂಗ್ಲಿಷಿನಲ್ಲಿ ಜೋರಾಗಿಯೇ ವಾದ ಮಾಡಿದಳು. ಆಮೇಲೆ ತಂಡಕ್ಕೆ ಹೇಳಿದಳು: “ಹೊಂಗೆ ಮಾತ್ರ ನೆಡೋಣ. ಹಲಸು ನಮ್ಮ ಜೊತೆ ವಾಪಸ್. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಬೇಕಾದಷ್ಟು ಜಾಗ ಇದೆ.”

ನನಗೆ ಆ ಹುಡುಗಿಯ ಮೇಲೆ ಗೌರವ ಬಂತು. ಪ್ಲಾನ್ ಬದಲಾಯಿಸುವುದು ಗುಂಡಿ ತೋಡುವುದಕ್ಕಿಂತ ಕಷ್ಟದ ಕೆಲಸ. (ನಮ್ಮ ಪಂಚಾಯಿತಿಯವರನ್ನು ಕೇಳಿ ನೋಡಿ.)

ಆಮೇಲೆ ಆ ದಂಡೆಯಲ್ಲಿ ನಡೆದದ್ದು ಗಮ್ಮತ್ತು. ಅಕ್ಕ ಸೀರೆ ಎತ್ತಿ ಕಟ್ಟಿ ತಾವೇ ಗುದ್ದಲಿ ಹಿಡಿದರು. ದುಬಾರೆ ಎಂದು ನಗಿಸಿದ್ದ ಹುಡುಗನ ಅಂಗೈಯಲ್ಲಿ ಬೊಬ್ಬೆ ಎದ್ದಾಗ, “ಕಂಪ್ಯೂಟರ್ ಕುಟ್ಟೋ ಕೈ ಕಣಪ್ಪ ಇದು” ಎಂದು ಕೊಬ್ಬರಿ ಎಣ್ಣೆ ಹಚ್ಚಿದರು. ಹೊಂಗೆ ಸಾಲು ಹಿಡಿದು ನಿಂತಿತು. ಸಂಜೆ ಬಸ್ ಹೊರಟಾಗ ಒಬ್ಬೊಬ್ಬರ ಮಡಿಲಲ್ಲೂ ಹಲಸಿನ ಸಸಿ. ಬಾಣಂತಿಯರ ಬಸ್ಸಿನ ಹಾಗೆ ಕಾಣುತ್ತಿತ್ತು. ಅಕ್ಕ ಕೈ ಬೀಸಿದ್ದೇ ಬೀಸಿದ್ದು.

ನಿನ್ನೆ ಪ್ರಿಯಾ ಫೋನ್ ಮಾಡಿದ್ದಳು. ಧ್ವನಿ ಸಪ್ಪೆ. ಯಾರ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರೂ ಹಲಸು ನೆಡಲು ಒಪ್ಪಿಲ್ಲವಂತೆ. ಮುಂದೆ ಹಣ್ಣು ಕಾರುಗಳ ಮೇಲೆ ಬಿದ್ದರೆ ಯಾರು ಜವಾಬ್ದಾರಿ ಎಂದರಂತೆ. ಸಸಿಗಳೆಲ್ಲ ಸದ್ಯಕ್ಕೆ ಅವಳ ಬಾಲ್ಕನಿಯಲ್ಲಿವೆ.

ಬೇಲಿಯ ಬಳಿ ನಿಂತು ಶಾರದಕ್ಕನಿಗೆ ವಿಷಯ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

“ಅಲ್ಲ ಮೇಷ್ಟ್ರೇ, ಆನೆ ಇಲ್ಲದ ಊರಲ್ಲೂ ಹಲಸಿಗೆ ಜಾಗ ಇಲ್ವಂತಾ? ಹಂಗಾದ್ರೆ ಆನೇನೂ ನಾನೇ ಸಾಕ್ಬೇಕು, ಹಲಸೂ ನಾನೇ ಸಾಕ್ಬೇಕಾ?”