ಯೀಸ್ಟ್ ಅರೆಯಲು ಭಟ್ಟಿಯ ಮರಳು

ಏ ಎದುರು ಕಟ್ಟೆಯವರೇ! ಮಂಡಕ್ಕಿ ತಿಂತಿದ್ರೆ ಪೊಟ್ಟಣ ಹಂಗೇ ಹಿಡ್ಕೊಂಡು ಈ ಕಡೆ ಬರ್ರಿ, ಹರಿಹರದ ವಾಣಕ್ಕನ ಕತೆ ಐತೆ!

ತೊಂಬತ್ತೆಂಟನೇ ಇಸವಿ. ವಾಣಿ ದಿನಾ ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಯ ಕಾಲೇಜಿಗೆ ಸಂಶೋಧನೆಗೆ ಬರುತ್ತಿದ್ದಳು. ಬ್ರೆಡ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ಒಂದೊಂದು ಕಣವೂ ಒಂದು ಜೀವಕೋಶ. ಕಾವು ತಗುಲಿದಾಗ ಅದರೊಳಗೆ ಯಾವ್ಯಾವ ಪ್ರೋಟೀನು ಹುಟ್ಟುತ್ತದೆ? ಅದನ್ನು ತಿಳಿಯುವ ಹುಚ್ಚು ಅವಳಿಗೆ. ತಿಳಿಯಬೇಕಾದರೆ ಕೋಶ ಒಡೆಯಬೇಕು. ರಕ್ತದ ಕಣವನ್ನು ಬರೀ ನೀರಿಗೆ ಹಾಕಿದರೂ ಉಬ್ಬಿ ಒಡೆಯುತ್ತದೆ. ಯೀಸ್ಟಿನ ಗೋಡೆ ಗಟ್ಟಿ. ಸೋಪಿನಂಥ ದ್ರಾವಣಕ್ಕೂ ಜಗ್ಗುವುದಿಲ್ಲ. ಶಬ್ದದ ಅಲೆಯಿಂದ ಒಡೆಯುವ ಯಂತ್ರ ಕಾಲೇಜಿನಲ್ಲಿರಲಿಲ್ಲ. ಉಳಿದದ್ದು ಮರಳು ಬೆರೆಸಿ ಕಲ್ಬತ್ತಿನಲ್ಲಿ ಅರೆಯುವ ದಾರಿ. ಅದೂ ಐಸಿನ ಮೇಲೆ. ಬಿಸಿಯಾದರೆ ಕೋಶದ ಜೀರ್ಣರಸಗಳೇ ಪ್ರೋಟೀನನ್ನು ತಿಂದುಹಾಕುತ್ತವೆ.

ಹೊಳೆಯ ಮರಳು ದಪ್ಪ. ವಾಣಿ ಮಂಡಕ್ಕಿ ಭಟ್ಟಿಯ ಕೊಟ್ರವ್ವನಿಂದ ಅಕ್ಕಿ ಹುರಿಯುವ ಮರಳನ್ನೇ ಒಂದು ಡಬ್ಬಿ ಕೇಳಿ ತಂದಳು. ಸಣ್ಣಗೆ ಜರಡಿ ಹಿಡಿದದ್ದು, ದಿನಾ ಬೆಂಕಿಯಲ್ಲಿ ಕಾದದ್ದು. ಇದಕ್ಕಿಂತ ಚೊಕ್ಕ ಮರಳು ಇನ್ನೆಲ್ಲಿ?

ಅರೆದು, ಸೋಸಿ, ರಸವನ್ನು ಲೋಳೆಯ ತೆಳು ಹಾಳೆಯಂಥ ಜೆಲ್ಲಿಗೆ ಹಾಕಿ ಕರೆಂಟ್ ಹರಿಸಿದಳು. ಪ್ರೋಟೀನುಗಳು ಗಾತ್ರಕ್ಕೆ ತಕ್ಕಂತೆ ನೆಟ್ಟಗಿನ ಗೆರೆಗಳಾಗಿ ನಿಲ್ಲಬೇಕಿತ್ತು. ಬಂದದ್ದು ಹಾವು ಹರಿದಂಥ ಡೊಂಕು.

ಗೈಡ್ ಹಾಲೇಶಪ್ಪ ಕನ್ನಡಕ ಏರಿಸಿದರು. "ಇದೇನವ್ವ, ಜೆಲ್ಲೋ ರಂಗೋಲಿಯೋ? ನಾಳೆ ಸಂಜೆ ರೈಲಿಗೆ ಬೆಂಗಳೂರಿಗೆ ಹೊಂಟೀನಿ. ಪ್ರೋಟೀನು ಯಾವುದಂತ ಹೇಳೋ ಅಲ್ಲಿನ ದೊಡ್ಡ ಮಷೀನು ನಮಗೆ ಸಿಗೋದು ವರ್ಷಕ್ಕೊಂದೇ ಸಲ. ಗೆರೆ ನೆಟ್ಟಗಾದ್ರೆ ನಿನ್ನ ರಸದ ಟ್ಯೂಬ್ ಒಯ್ತೀನಿ."

ಮರುದಿನ ಬಸ್ಸಿನಲ್ಲಿ ಜೊತೆಗೆ ಓದುವ ಬಿಲ್ಕೀಸ್ ಪೊಟ್ಟಣ ಬಿಚ್ಚಿದಳು. "ತಿನ್ನೇ. ನಿನ್ನ ಮುಖನೂ ಆ ಜೆಲ್ ಇದ್ದಂಗೇ ಸೊಟ್ಟ ಆಗೈತೆ."

ಬರೀ ಮಂಡಕ್ಕಿ, ಒಗ್ಗರಣೆ, ಖಾರ ಏನೂ ಇಲ್ಲ. ವಾಣಿ ಜಗಿಯುವುದನ್ನು ನಿಲ್ಲಿಸಿದಳು. "ಇದಕ್ಕೆ ಉಪ್ಪು ಹಾಕೀಯೇನೇ?"

"ನಾನ್ಯಾಕ ಹಾಕ್ಲಿ? ಅಕ್ಕಿಗೇ ಉಪ್ಪುನೀರು ಹಚ್ಚಿ ಹುರೀತಾರಲ್ಲ."

"ಮರಳಿನಾಗ!" ವಾಣಿ ಎದ್ದು ನಿಂತೇಬಿಟ್ಟಳು.

"ಸ್ಟಾಪು ಇನ್ನೂ ದೂರ ಐತೆ ಅಕ್ಕಾರೆ, ಕೂಡ್ರಿ!" ಎಂದ ಕಂಡಕ್ಟರ್.

ಉಪ್ಪು ಜಾಸ್ತಿಯಾದರೆ ಜೆಲ್ಲಿನಲ್ಲಿ ಗೆರೆ ಡೊಂಕಾಗುತ್ತದೆ. ಲ್ಯಾಬಿಗೆ ಓಡಿದವಳೇ ಮರಳು ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಳು. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಉಪ್ಪೇ! ಹನಿಸಿದರೂ ನೀರು ತಿಳಿಯಾಗಿಯೇ ಉಳಿಯುವ ತನಕ ತೊಳೆದಳು. ಓವನ್ನಿನಲ್ಲಿ ಒಣಗಿಸಿ, ತಣಿಸಿ, ಮತ್ತೆ ಐಸಿನ ಮೇಲೆ ಅರೆದಳು. ಬಿಲ್ಕೀಸ್ ಕಲ್ಬತ್ತು ಜಾರದಂತೆ ಹಿಡಿದು, "ಬೆರಳು ಮರಗಟ್ಟಿದ್ವು, ಬೇಗ ಅರಿಯೇ ಮಾರಾಯ್ತಿ" ಎಂದು ಗೊಣಗಿದಳು.

ಹೊಸ ರಸವನ್ನು ಜೆಲ್ಲಿಗೆ ಹಾಕಿ, ಗೆರೆ ಕಾಣಲು ನೀಲಿ ಬಣ್ಣ ಹಚ್ಚಿ, ಸಂಜೆ ಹೆಚ್ಚಿನ ಬಣ್ಣ ತೊಳೆದಾಗ ಜೆಲ್ಲಿನಲ್ಲಿ ನೀಲಿ ಗೆರೆಗಳು, ಬಾಚಣಿಗೆ ಎಳೆದಂತೆ ನೆಟ್ಟಗೆ. ಕಾವು ತಗುಲಿದ ಯೀಸ್ಟಿನ ಸಾಲಿನಲ್ಲಿ ಒಂದು ದಪ್ಪ ಗೆರೆ, ಕಾವು ತಗುಲದ ಪಕ್ಕದ ಸಾಲಿನಲ್ಲಿ ಇಲ್ಲದ್ದು.

"ಇದ್ಯಾವುದು ಸಾರ್?"

"ಅದನ್ನ ಕೇಳಾಕೇ ಹೊಂಟೀನಲ್ಲವ್ವ," ಎಂದು ಹಾಲೇಶಪ್ಪ ಟ್ಯೂಬನ್ನು ಐಸ್ ತುಂಬಿದ ಫ್ಲಾಸ್ಕಿಗಿಟ್ಟು ಸ್ಟೇಷನ್ನಿಗೆ ಹೊರಟರು.

ಹರಿಹರದ ಮನೆಯಲ್ಲಿ ತಾಯಿ ನಿರ್ಮಲಮ್ಮ ಡಬ್ಬಿ ನೋಡಿ, "ಮಂಡಕ್ಕಿ ತಂದೀಯಾ?" ಎಂದರು.

"ಮರಳು."

"ಇಷ್ಟು ಓದ್ಸಿದ್ದಕ್ಕೆ ಮರಳು ಹೊತ್ಕೊಂಡು ಬಂದ್ಲು!"

ವಾಣಿ ನಕ್ಕು, ಮುಂದಿನ ಸಲ ಅರೆಯಲು ಬೇಕೆಂದು ಉಳಿದ ಮರಳನ್ನೂ ತೊಳೆದು ಹಿತ್ತಲಲ್ಲಿ ತಟ್ಟೆಗೆ ಹರವಿದಳು. ಬೆಕ್ಕು ಬಂದು ಕೆರೆಯದಂತೆ ಮೇಲೆ ಬುಟ್ಟಿ ಕವುಚಿ, ಅದರ ಮೇಲೊಂದು ಕಲ್ಲಿಟ್ಟಳು.